ತಿಂಗಳಿಗೊಂದು ಮುಖ, ಕಪ್ಪು ಬಿಳುಪಿನಲ್ಲಿ ಕೊಡಿ

ಮಾನ್ಯ ಸಂಪಾದಕರೇ,

ನಾನು ತದಡಿಯ ಒಬ್ಬ ಬೋರ್ಡ್ ಪೇಂಟರ್. ಗೋಕರ್ಣದ ಅಂಗಡಿಗಳ ಬೋರ್ಡು, ತದಡಿ ಬಂದರಿನ ದೋಣಿಗಳ ಹೆಸರು, ಶಾಲೆ ಗೋಡೆಯ ಮೇಲಿನ ಭಾರತದ ನಕಾಶೆ, ಇವೇ ನನ್ನ ನಲವತ್ತು ವರ್ಷದ ಕೆಲಸ. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡು ಹೆಚ್ಚು ಕಡಿಮೆ ನಿಂತೇಹೋಯಿತು. ದೋಣಿಯ ಹೆಸರನ್ನು ಮಾತ್ರ ಈಗಲೂ ಕೈಯಲ್ಲೇ ಬರೆಸುತ್ತಾರೆ. ನನಗೀಗ 61. ಪತ್ರಿಕೆಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಸ್ವಲ್ಪ ಉದ್ದವಾಗಿದೆ. ಆದರೂ ಪೂರ್ತಿ ಓದಿ. ಕೊನೆಯಲ್ಲಿ ನಿಮ್ಮಿಂದಲೇ ಆಗಬೇಕಾದ ಒಂದು ಕೆಲಸ ಇದೆ.

ಹೋದ ತಿಂಗಳು ನಮ್ಮ ಕಡೆ ಮಕ್ಕಳ ಚಿತ್ರ ಸ್ಪರ್ಧೆ ನಡೆಯಿತು. ನಮ್ಮ ಪಕ್ಕದ ಮನೆಯ ಹುಡುಗಿ ಒಂಬತ್ತನೇ ತರಗತಿ ಓದುತ್ತಾಳೆ. ಭಾನುವಾರ ನನ್ನ ಹತ್ತಿರ ಚಿತ್ರ ಕಲಿಯಲು ಬರುತ್ತಾಳೆ. ಅವಳು ಸ್ಪರ್ಧೆಯಲ್ಲಿ ಇದ್ದಿಲಿನಿಂದ ಒಬ್ಬಳು ಮುದುಕಿಯ ಮುಖ ಬರೆದಳು. ಪಕ್ಕದಲ್ಲಿ ರೆಂಬ್ರಾಂಟ್ ಎಂಬ ಹಳೆಯ ಕಾಲದ ಡಚ್ ಚಿತ್ರಗಾರನ ಒಂದು ಚಿತ್ರದ ಪ್ರಿಂಟ್ ಇಟ್ಟುಕೊಂಡೇ ಬರೆದಳು, ಮುಚ್ಚಿಡಲಿಲ್ಲ. ತೀರ್ಪು ಕೊಡಲು ಬಂದವರು ಅದನ್ನು ಬದಿಗೆ ಸರಿಸಿ ಎರಡು ಮಾತು ಹೇಳಿದರಂತೆ. ಇದು ನೋಡಿ ಮಾಡಿದ ನಕಲು. ಬಣ್ಣವನ್ನೂ ತುಂಬಿಲ್ಲ.

ಬಹುಮಾನ ಬರಲಿಲ್ಲ ಎಂದು ನಾನು ಈ ಕಾಗದ ಬರೆಯುತ್ತಿಲ್ಲ. ಸ್ಪರ್ಧೆಗೆ ಅದರದೇ ನಿಯಮ ಇರುತ್ತದೆ. ಆದರೆ ಸಂಜೆ ಆ ಹುಡುಗಿ ನಮ್ಮ ಜಗಲಿಗೆ ಬಂದು ಕೇಳಿದಳು: "ಮಾಮ, ನೋಡಿ ಮಾಡಿದ್ರೆ ಕದ್ದ ಹಾಗಾ?" ಆಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅಷ್ಟು ಹೊತ್ತಿಗೆ ನನಗೇ ಬೇಜಾರಾಗಿತ್ತು. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಂಥ ಮಕ್ಕಳು ನಿಮ್ಮ ಪತ್ರಿಕೆ ಹೋಗುವ ಎಲ್ಲ ಊರಲ್ಲೂ ಇದ್ದಾರೆ, ಅಲ್ವಾ?

ನನ್ನ ಅವ್ವಿಯಿಂದಲೇ ಶುರು ಮಾಡುತ್ತೇನೆ. ಅವಳು ತೀರಿಕೊಂಡು ನಾಲ್ಕು ವರ್ಷ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿದವಳು. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಉಪ್ಪುನೀರನ್ನು ಗದ್ದೆಗೆ ಬಿಟ್ಟು ಬಿಸಿಲಿಗೆ ಉಪ್ಪು ಕಟ್ಟಿಸುತ್ತಾರಲ್ಲ, ಅಲ್ಲಿ. ಬೇಸಿಗೆ ಪೂರ್ತಿ ತಲೆ ಮೇಲೆ ಸಿಂಬೆ, ಅದರ ಮೇಲೆ ಉಪ್ಪಿನ ಬುಟ್ಟಿ. ಅವಳ ವಯಸ್ಸು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎಂಬತ್ತರ ಮೇಲೆ ಎಂಬುದು ನಮ್ಮ ಲೆಕ್ಕ. ಅವಳದೊಂದು ಒಳ್ಳೆಯ ಫೋಟೋ ತೆಗೆಸಬೇಕು ಎಂದುಕೊಳ್ಳುತ್ತಲೇ ದಿನ ಹೋಯಿತು. ಕೊನೆಗೆ ಉಳಿದದ್ದು ಮತದಾರರ ಗುರುತಿನ ಚೀಟಿಯ ಫೋಟೋ ಒಂದೇ. ಹೆಬ್ಬೆರಳಿನಷ್ಟು ಅಗಲ.

ಎದುರಿನಿಂದ ಫ್ಲಾಶ್ ಹೊಡೆದು ತೆಗೆದ ಫೋಟೋ ಅದು. ಹಾಗೆ ತೆಗೆದರೆ ನೆರಳೆಲ್ಲ ಮಾಯ. ಮೂಗಿಗೆ ಎತ್ತರ ಇಲ್ಲ, ಕೆನ್ನೆಗೆ ಗುಳಿ ಇಲ್ಲ, ಹಣೆಯ ನೆರಿಗೆ ಇಲ್ಲ. ಎರಡು ಕಣ್ಣು, ಒಂದು ಬಾಯಿ, ಸುತ್ತ ಒಂದು ಬಿಳಿ ಚಪ್ಪಟೆ. ಅದನ್ನೇ ನೋಡಿ ನಾನು ಪ್ಲೈವುಡ್ ಮೇಲೆ ಎನಾಮೆಲ್‌ನಲ್ಲಿ ಅವ್ವಿಯ ಮುಖ ಬರೆದೆ. ಬಣ್ಣ ಹಾಕಿಯೇ ಬರೆದೆ. ಸೀರೆಗೆ ಹಸಿರು, ಕುಂಕುಮಕ್ಕೆ ಕೆಂಪು, ಚರ್ಮಕ್ಕೆ ಕಂದು. ಮೂರು ದಿನದಲ್ಲಿ ಮುಗಿಯಿತು. ನನ್ನ ಅಕ್ಕ ನೋಡಿ, "ಇದು ಯಾರದ್ದು?" ಎಂದು ಕೇಳಿದಳು. ಅವಳು ಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗಲಿಲ್ಲ.

ಆ ರಾತ್ರಿ ಆ ಹಲಗೆಯನ್ನು ಬಹಳ ಹೊತ್ತು ನೋಡಿದೆ. ತಪ್ಪು ಬಣ್ಣದಲ್ಲಿರಲಿಲ್ಲ. ಬೋರ್ಡ್ ಬರೆಯುವ ಕೈಗೆ ಅಂಚು ಬೇಕು. ಅಕ್ಷರ ದೂರದಿಂದ ಓದಲು ಬರಬೇಕಾದರೆ ಅಂಚು ಚೂಪಾಗಿರಬೇಕು, ಔಟ್‌ಲೈನ್ ಇರಬೇಕು, ಒಂದು ಬದಿಗೆ ಶೇಡ್ ಇರಬೇಕು. ನಲವತ್ತು ವರ್ಷ ಅದನ್ನೇ ಮಾಡಿದ ಕೈ ಅವ್ವಿಯ ಮೂಗಿಗೂ ಔಟ್‌ಲೈನ್ ಹಾಕಿತ್ತು. ತುಟಿಗೂ ಹಾಕಿತ್ತು. ಕಣ್ಣಿನ ಬಿಳಿಗೆ ಡಬ್ಬಿಯ ಬಿಳಿಯನ್ನೇ ಹಚ್ಚಿತ್ತು. ಅದು ಮುಖ ಆಗಿರಲಿಲ್ಲ, ಮುಖದ ಬೋರ್ಡ್ ಆಗಿತ್ತು.

ಹುಬ್ಬಳ್ಳಿಯಲ್ಲಿರುವ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಎರಡು ದಿನ ಬಿಟ್ಟು ಅವಳು ಒಂದು ಚಿತ್ರ ಕಳಿಸಿದಳು. ರೆಂಬ್ರಾಂಟ್ 1634ರಲ್ಲಿ ಮಾಡಿದ ಒಬ್ಬ ಮುದುಕಿಯ ಚಿತ್ರ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಆಕೆಯ ಹೆಸರು ಆಖ್ಯ ಕ್ಲಾಸ್‌ಡೊಖ್ತರ್, ರಾಟರ್‌ಡ್ಯಾಮಿನ ಬಿಯರ್ ತಯಾರಿಸುವ ಮನೆತನದವಳು. ಚಿತ್ರದಲ್ಲೇ ಒಂದು ಕಡೆ ಆಕೆಯ ವಯಸ್ಸು ಬರೆದಿದೆ: 83. ತಲೆಗೆ ಬಿಳಿ ಟೋಪಿ, ಕುತ್ತಿಗೆಗೆ ನೆರಿಗೆ ನೆರಿಗೆಯ ದೊಡ್ಡ ಬಿಳಿ ಕಾಲರ್. ಇದನ್ನು ಮಾಡಿದಾಗ ರೆಂಬ್ರಾಂಟ್‌ಗೆ ಇಪ್ಪತ್ತೆಂಟರ ಆಸುಪಾಸು. ಅಷ್ಟು ಎಳೆಯ ಹುಡುಗ ಅಷ್ಟು ಹಳೆಯ ಮುಖವನ್ನು ಹೇಗೆ ನೋಡಿದ ಎಂದು ನನಗೆ ಇವತ್ತಿಗೂ ಬೆರಗು. ಊರು, ಬಟ್ಟೆ, ಬಣ್ಣ ಎಲ್ಲ ಬೇರೆ. ಆದರೆ ಆ ಒದ್ದೆ ಕಣ್ಣು, ಸಡಿಲಾದ ರೆಪ್ಪೆ, ಮುಚ್ಚಿದ ಬಾಯಿ ನೋಡಿದ ಕೂಡಲೇ ಸಂಜೆ ಜಗಲಿ ಮೇಲೆ ಕೂತ ಅವ್ವಿ ನೆನಪಾದಳು.

ಅವ್ವಿಯನ್ನು ಮಾಡುವ ಮೊದಲು ಈಕೆಯನ್ನು ಒಮ್ಮೆ ಪೂರ್ತಿ ಮಾಡಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಬಣ್ಣ ಬೇಡ, ಬೆಳಕು ನೆರಳು ಮಾತ್ರ.

ಕುಮಟಾದಲ್ಲಿ ದೊಡ್ಡ ಹಾಳೆಯಲ್ಲಿ ಕಪ್ಪು ಬಿಳುಪು ಪ್ರಿಂಟ್ ಹಾಕಿಸಿದೆ. ಮೊದಲನೆಯದು ತೀರಾ ಕಪ್ಪಾಗಿ ಬಂತು, ಟೋಪಿ ಬಿಟ್ಟರೆ ಉಳಿದದ್ದೆಲ್ಲ ಮಸಿ. ತಿಳಿ ಮಾಡಿಸಿ ಇನ್ನೊಂದು ಹಾಕಿಸಿದೆ. ಆಮೇಲೆ ಒಂದು ಉದ್ದ ಹಾರ್ಡ್‌ಬೋರ್ಡ್ ಪಟ್ಟಿಯ ಮೇಲೆ ಒಂಬತ್ತು ಮೆಟ್ಟಿಲು ಮಾಡಿದೆ. ಒಂದನೆಯದು ಬಿಳಿ, ಒಂಬತ್ತನೆಯದು ಕಪ್ಪು, ನಡುವೆ ಏಳು ಬೂದು. ಕೇಳಲು ಸುಲಭ. ಮಾಡಲು ನನಗೆ ಎರಡು ಸಂಜೆ ಬೇಕಾಯಿತು. ಕಪ್ಪಿಗೆ ಬಹಳ ಬಲ. ಬಿಳಿಗೆ ಒಂದು ಚಿಟಿಕೆ ಕಪ್ಪು ಹೆಚ್ಚಾದರೂ ಎರಡು ಮೆಟ್ಟಿಲು ಕೆಳಗೆ ಜಾರುತ್ತದೆ. ಪ್ರತಿ ಮೆಟ್ಟಿಲಿಗೂ ಮೊಳೆಯಿಂದ ಒಂದು ತೂತು ಹೊಡೆದೆ. ಪಟ್ಟಿಯನ್ನು ಪ್ರಿಂಟ್ ಮೇಲೆ ಇಟ್ಟು ತೂತಿನಿಂದ ನೋಡಿದರೆ ಆ ಜಾಗ ಎಷ್ಟನೇ ಮೆಟ್ಟಿಲು ಎಂದು ಗೊತ್ತಾಗುತ್ತದೆ. ಈ ಒಂದು ಪಟ್ಟಿಯನ್ನು ಪ್ರತಿ ಶಾಲೆಯಲ್ಲೂ ಮಾಡಿಸಬಹುದು. ಖರ್ಚು ಏನೂ ಇಲ್ಲ.

ಆ ಪಟ್ಟಿ ನನಗೆ ಮೊದಲ ದಿನವೇ ಕಲಿಸಿದ ಪಾಠ ಹೇಳುತ್ತೇನೆ. ಆಖ್ಯಳ ಕಣ್ಣಿನ ಬಿಳಿ ಬಿಳಿಯೇ ಅಲ್ಲ! ನಾಲ್ಕನೇ ಬೂದು. ರೆಪ್ಪೆಯ ನೆರಳು ಬಿದ್ದಲ್ಲಿ ಐದು. ಬರಿಗಣ್ಣಿಗೆ ಬೆಳ್ಳಗೆ ಕಾಣುತ್ತದೆ, ಯಾಕಂದರೆ ಪಕ್ಕದಲ್ಲಿ ಕಪ್ಪು ಗುಡ್ಡೆ ಇದೆ. ಕಪ್ಪಿನ ಪಕ್ಕ ಬೂದು ಬಿಳಿಯಾಗಿ ಕಾಣುತ್ತದೆ, ಬಿಳಿಯ ಪಕ್ಕ ಅದೇ ಬೂದು ಕಪ್ಪಾಗಿ ಕಾಣುತ್ತದೆ. ಕಾಲರ್ ಕೂಡ ಅಷ್ಟೇ. ಬಿಳಿ ಬಟ್ಟೆ ಎಂದು ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಭಾಗ ಎರಡು, ಮೂರು, ನಾಲ್ಕನೇ ಬೂದು. ಶುದ್ಧ ಬಿಳಿ ಇರುವುದು ಅಲ್ಲೊಂದು ಇಲ್ಲೊಂದು ನೆರಿಗೆಯ ತುದಿಯಲ್ಲಿ ಮಾತ್ರ. ರೆಂಬ್ರಾಂಟ್ ಬಿಳಿಯನ್ನು ಜಿಪುಣನ ಹಾಗೆ ಇಟ್ಟುಕೊಂಡು ಬೇಕಾದ ಕಡೆ ಮಾತ್ರ ಖರ್ಚು ಮಾಡಿದ್ದಾನೆ. ನಾನು ಅವ್ವಿಯ ಎರಡೂ ಕಣ್ಣಿಗೆ ಡಬ್ಬಿ ಬಗ್ಗಿಸಿದ್ದೆ.

ಎರಡನೆಯ ಪಾಠ ಸುಕ್ಕಿನದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಕ್ಕು ಅಂದರೆ ಗೆರೆ ಎಂದು ನಮಗೆಲ್ಲ ಅನಿಸುತ್ತದೆ. ಮಕ್ಕಳು ಅಜ್ಜಿಯನ್ನು ಬರೆಯುವಾಗ ಹಣೆಗೆ ಮೂರು ಗೆರೆ ಎಳೆಯುತ್ತಾರೆ. ನಾನೂ ಎಳೆದಿದ್ದೆ. ಆಖ್ಯಳ ಹಣೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದೂ ಗೆರೆ ಇಲ್ಲ. ಇರುವುದು ಸಣ್ಣ ಸಣ್ಣ ಏರು. ಪ್ರತಿ ಏರಿಗೂ ಬೆಳಕಿನ ಬದಿ ಒಂದು, ನೆರಳಿನ ಬದಿ ಒಂದು. ಬೆಳಕಿನ ಬದಿಗೆ ದಪ್ಪ ಬಣ್ಣ, ನೆರಳಿನ ಬದಿಗೆ ತೆಳು ಬಣ್ಣ. ನೋಡುತ್ತಾ ನೋಡುತ್ತಾ ನನಗೆ ಆಗರದ ಬದು ನೆನಪಾಯಿತು. ಬೆಳಿಗ್ಗೆ ಏಳು ಗಂಟೆಗೆ ಸಾಣಿಕಟ್ಟಾಕ್ಕೆ ಹೋಗಿ ನಿಂತು ನೋಡಿ. ಸೂರ್ಯ ಓರೆಯಾಗಿ ಬಿದ್ದಾಗ ಪ್ರತಿ ಬದುವಿಗೂ ಒಂದು ಹೊಳೆಯುವ ಮಗ್ಗುಲು, ಒಂದು ಕಪ್ಪು ಮಗ್ಗುಲು. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಬದುವೇ ಕಾಣುವುದಿಲ್ಲ, ಎಲ್ಲ ಒಂದೇ ಬಿಳಿ. ಮತದಾರರ ಚೀಟಿಯ ಫೋಟೋ ಹನ್ನೆರಡು ಗಂಟೆಯ ಆಗರ. ರೆಂಬ್ರಾಂಟನ ಮುದುಕಿ ಏಳು ಗಂಟೆಯ ಆಗರ. ಇದು ಹೊಳೆದ ದಿನ ನಾನು ಊಟಕ್ಕೂ ಏಳಲಿಲ್ಲ.

ಮೂರನೆಯದು ಅಂಚು ಬಿಡುವುದು. ಬೆಳಕು ಬೀಳದ ಬದಿಯಲ್ಲಿ ಕೆನ್ನೆ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಇದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೈ ತಾನಾಗಿ ಹೋಗಿ ಗೆರೆ ಎಳೆಯುತ್ತಿತ್ತು. ಒರೆಸಿದೆ, ಮತ್ತೆ ಎಳೆಯಿತು, ಮತ್ತೆ ಒರೆಸಿದೆ. ಕೊನೆಗೆ ಸಣ್ಣ ಬ್ರಷ್‌ಗಳನ್ನೆಲ್ಲ ಒಳಗೆ ಎತ್ತಿಟ್ಟು ಒಂದು ಇಂಚಿನ ಹಂದಿಕೂದಲಿನ ಬ್ರಷ್ ಒಂದರಲ್ಲೇ ಮಾಡಿದೆ. ದೊಡ್ಡ ಬ್ರಷ್ ಕೈಯಲ್ಲಿದ್ದರೆ ಗೆರೆ ಎಳೆಯಲು ಆಗುವುದೇ ಇಲ್ಲ.

ಸಾಮಾನಿನ ಬಗ್ಗೆ ಕೇಳುವವರಿಗೆ ಒಂದೆರಡು ಮಾತು. ನಾನು ಬಳಸಿದ್ದು ಮೂರೇ ಬಣ್ಣ: ಟೈಟೇನಿಯಂ ವೈಟ್, ಐವರಿ ಬ್ಲ್ಯಾಕ್, ಬರ್ನ್ಟ್ ಅಂಬರ್. ಜೊತೆಗೆ ಅಗಸೆ ಎಣ್ಣೆ, ಟರ್ಪೆಂಟೈನ್. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಾಗಾಗಿ ನನಗೆ ಪುರುಸೊತ್ತು. ಆದರೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ಎಣ್ಣೆ ಬಣ್ಣ ಒಣಗುವುದೇ ಇಲ್ಲ. ಅಲ್ಲಿ ಅಂಬರ್ ನನ್ನನ್ನು ಉಳಿಸಿತು. ಅದು ಮಣ್ಣಿನ ಬಣ್ಣ, ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಎಣ್ಣೆ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಸುಟ್ಟ ಎಲುಬಿನ ಕಪ್ಪು, ಅದು ನಿಧಾನ. ಅದಕ್ಕೆ ಕೆಳಗಿನ ಪದರಕ್ಕೆ ಟರ್ಪೆಂಟೈನ್ ಬೆರೆಸಿದ ತೆಳು ಅಂಬರ್, ಕಪ್ಪು ಕೊನೆಗೆ ಬೇಕಾದಲ್ಲಿ ಮಾತ್ರ. ಮೇಲಿನ ಪದರಕ್ಕೆ ಎಣ್ಣೆ ಜಾಸ್ತಿ ಇರಬೇಕು, ಕೆಳಗೆ ಕಡಿಮೆ. ತಿರುಗಿಸಿ ಮಾಡಿದರೆ ಮುಂದೆ ಬಿರುಕು ಬಿಡುತ್ತದೆ.

ಮೊದಲು ಒಂದೇ ಬಣ್ಣದಲ್ಲಿ ಮಾಡುವುದು ನನ್ನ ಹೊಸ ಉಪಾಯ ಏನೂ ಅಲ್ಲ. ರೆಂಬ್ರಾಂಟನ ಕಾಲದ ಡಚ್ಚರು ಚಿತ್ರದ ಈ ಕೆಳಪದರಕ್ಕೆ ಡೋಡ್‌ವರ್ಫ್ ಎನ್ನುತ್ತಿದ್ದರು. ಸತ್ತ ಬಣ್ಣ ಎಂದು ಅರ್ಥ. ರೆಂಬ್ರಾಂಟ್ ಕಂದು ಬಣ್ಣದಲ್ಲೇ ಬೆಳಕು ನೆರಳನ್ನು ಮೊದಲು ನಿಲ್ಲಿಸಿಕೊಂಡು ಅದರ ಮೇಲೆ ಉಳಿದ ಬಣ್ಣ ಕಟ್ಟುತ್ತಿದ್ದ. ಅಂದರೆ ಬಣ್ಣ ತುಂಬಿಲ್ಲ ಎಂದು ಯಾವುದನ್ನು ಬದಿಗೆ ಸರಿಸಿದರೋ ಅದು ಅವನ ಚಿತ್ರಗಳ ಅಡಿಪಾಯ. ನಮ್ಮ ಜಿಲ್ಲೆಯಲ್ಲೂ ಒಂದೇ ಬಣ್ಣದ ಚಿತ್ರ ಹೊಸದಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ಜಾತ್ರೆಗೆ ಹೋದವರೆಲ್ಲ ನೋಡಿರುತ್ತೀರಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿ ಹಚ್ಚಿ, ಹಸಿ ಇರುವಾಗಲೇ ಉಗುರಿನಂಥ ಉಳಿಯಿಂದ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ. ಒಂದು ಕೆಂಪು, ಒಂದು ಬಿಳಿ. ಅಷ್ಟರಲ್ಲೇ ದೇವರು, ಬಳ್ಳಿ, ಪ್ರಾಣಿ ಎಲ್ಲ. ಅವುಗಳಿಗೆ ಬಣ್ಣ ತುಂಬಿಲ್ಲ ಎಂದು ಯಾರಾದರೂ ಹೇಳುತ್ತಾರಾ?

ಇನ್ನು ನಕಲು ಎಂಬ ಮಾತು.

ಆಖ್ಯಳ ಚಿತ್ರ ಮುಗಿಸಲು ನನಗೆ ಐದು ವಾರ ಬೇಕಾಯಿತು. ಅದರ ಹಿಂದೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ರೆಂಬ್ರಾಂಟ್ ಚಿತ್ರ ನೋಡಿ ಕಲಿಯಲು ಮಾಡಿದ್ದು. ಅಳತೆಯನ್ನೂ ಬೇಕೆಂದೇ ಚಿಕ್ಕದು ಮಾಡಿದ್ದೇನೆ. ಅದನ್ನು ನಾನು ಮಾರುವುದಿಲ್ಲ, ನನ್ನದು ಎಂದು ಹೇಳುವುದಿಲ್ಲ. ನಕಲು ತಪ್ಪಾಗುವುದು ಮೂಲದ ಹೆಸರು ಮುಚ್ಚಿಟ್ಟಾಗ. ಹೆಸರು ಹೇಳಿ ಮಾಡಿದರೆ ಅದು ಪಾಠ. ಯಕ್ಷಗಾನ ಕಲಿಯುವ ಹುಡುಗ ಗುರು ಹಾಕಿದ ಹೆಜ್ಜೆಯನ್ನೇ ಹಾಕುತ್ತಾನೆ. ತಿಂಗಳುಗಟ್ಟಲೆ ಅದೇ ಹೆಜ್ಜೆ, ಅದೇ ಕೈ, ಅದೇ ಕಣ್ಣು. ಅವನಿಗೆ ನಾವು ಕಳ್ಳ ಎನ್ನುತ್ತೇವಾ? ಇನ್ನೂ ಬರಬೇಕು, ಕಲಿಯುತ್ತಿದ್ದಾನೆ ಎನ್ನುತ್ತೇವೆ.

ದೊಡ್ಡವರೂ ಹೀಗೇ ಕಲಿತರು. ರೂಬೆನ್ಸ್ ಎಂಬ ಚಿತ್ರಗಾರ ಐವತ್ತು ದಾಟಿ ಯುರೋಪಿಗೆಲ್ಲ ಹೆಸರಾದ ಮೇಲೂ 1628ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಅಲ್ಲಿನ ಅರಸರ ಸಂಗ್ರಹದಲ್ಲಿದ್ದ, ತನಗಿಂತ ಹಿಂದಿನ ಕಾಲದ ಚಿತ್ರಗಾರ ಟಿಷಿಯನ್‌ನ ಚಿತ್ರಗಳನ್ನು ನೋಡಿ ನೋಡಿ ಮಾಡಿದ. ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ರೆಂಬ್ರಾಂಟನದೇ. ಅವನ ಕಾಲಕ್ಕೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಮ್ಮ ದೇಶಕ್ಕೆ ಬಂದು ಹೋಗುತ್ತಿದ್ದವು. ಹಾಗೆ ಇಲ್ಲಿಂದ ಹೋದ ಮೊಘಲ್ ಚಿತ್ರಗಳು ಆಮ್‌ಸ್ಟರ್‌ಡ್ಯಾಮಿನಲ್ಲಿ ಅವನ ಕೈಗೆ ಸಿಕ್ಕವು. ಐವತ್ತರ ಮೇಲಿನ ರೆಂಬ್ರಾಂಟ್ ಅವುಗಳನ್ನು ಎದುರಿಗಿಟ್ಟುಕೊಂಡು ನೋಡಿ ಬರೆದ. ಜಹಾಂಗೀರ, ಷಹಜಹಾನ, ಆಸ್ಥಾನದವರು. ಇಪ್ಪತ್ತಕ್ಕೂ ಹೆಚ್ಚು ಚಿತ್ರ ಈಗಲೂ ಉಳಿದಿವೆ. ಕಂದು ಮಸಿಯಲ್ಲಿ, ಏಷ್ಯಾದಿಂದ ಹೋದ ಕಾಗದದ ಮೇಲೆ. ಬಣ್ಣಬಣ್ಣದ ಮೊಘಲ್ ಚಿತ್ರಗಳನ್ನು ಅವನು ಹೆಚ್ಚು ಕಡಿಮೆ ಒಂದೇ ಬಣ್ಣದಲ್ಲಿ ಮಾಡಿಕೊಂಡ. ಅಂದರೆ ನಮ್ಮ ದೇಶದ ಚಿತ್ರಗಾರರನ್ನು ನೋಡಿ ರೆಂಬ್ರಾಂಟ್ ಬರೆದಿದ್ದಾನೆ, ರೆಂಬ್ರಾಂಟನನ್ನು ನೋಡಿ ತದಡಿಯ ಹುಡುಗಿ ಬರೆದಿದ್ದಾಳೆ. ಇದನ್ನು ಅವಳಿಗೆ ಹೇಳಿದಾಗ ಅವಳ ಮುಖ ಅರಳಿದ್ದು ನೀವು ನೋಡಬೇಕಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿ ರೆಂಬ್ರಾಂಟ್ ಮುದಿವಯಸ್ಸಿನಲ್ಲಿ ಮಾಡಿದ ತನ್ನದೇ ಚಿತ್ರ ಒಂದಿದೆ. ಕೈಯಲ್ಲಿ ಬಣ್ಣದ ಹಲಗೆ, ಬ್ರಷ್‌ಗಳು, ಜೊತೆಗೊಂದು ಕೋಲು. ಬರೆಯುವಾಗ ಕೈ ನಡುಗದ ಹಾಗೆ ಊರಿಕೊಳ್ಳುವ ಕೋಲು ಅದು. ನಾವು ಬೋರ್ಡ್ ಬರೆಯುವವರು ತುದಿಗೆ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತೇವಲ್ಲ, ಅದೇ. ಹದಿನೇಳನೇ ವಯಸ್ಸಿನಿಂದ ನನ್ನ ಎಡಗೈಯಲ್ಲಿರುವ ಕೋಲು. ಅದನ್ನು ಅವನ ಕೈಯಲ್ಲಿ ನೋಡಿದಾಗ ಏನನಿಸಿತು ಎಂದು ಬರೆಯಲು ನನಗೆ ಬರುವುದಿಲ್ಲ.

ಸರಿ, ಅವ್ವಿಗೆ ಬರುತ್ತೇನೆ. ಆಖ್ಯ ಮುಗಿದ ಮೇಲೆ ಹೊಸ ಹಾರ್ಡ್‌ಬೋರ್ಡ್‌ಗೆ ಪ್ರೈಮರ್ ಹೊಡೆದು, ತೆಳು ಅಂಬರ್ ಒರೆಸಿ, ಒಣಗಲು ಬಿಟ್ಟೆ. ಮುಖದ ಅಳತೆಯನ್ನು ಮತದಾರರ ಚೀಟಿಯಿಂದ ತೆಗೆದೆ. ಕಣ್ಣಿಂದ ಕಣ್ಣಿಗೆ ಎಷ್ಟು, ಮೂಗಿನ ಬುಡದಿಂದ ಗಲ್ಲಕ್ಕೆ ಎಷ್ಟು, ಇಷ್ಟನ್ನು ಆ ಫೋಟೋ ಸರಿಯಾಗಿಯೇ ಹೇಳುತ್ತದೆ. ಬೆಳಕು ಮಾತ್ರ ಅದರಲ್ಲಿಲ್ಲ. ಅದಕ್ಕೆ ಅಕ್ಕನನ್ನು ಕರೆದು ಪೂರ್ವದ ಕಿಟಕಿಯ ಪಕ್ಕ ಕೂರಿಸಿದೆ. ಅವಳಿಗೂ ಈಗ ಎಪ್ಪತ್ತರ ಹತ್ತಿರ, ಅವ್ವಿಯದೇ ಕೆನ್ನೆಯ ಎಲುಬು, ಅವ್ವಿಯದೇ ಹಣೆ. ಬೇರೆ ಕಿಟಕಿ ಬಾಗಿಲೆಲ್ಲ ಮುಚ್ಚಿದೆ. ಒಂದೇ ಕಡೆಯಿಂದ ಬೆಳಕು. ಅಕ್ಕ ಎಂಟು ದಿನ ಬೆಳಿಗ್ಗೆ ಒಂದೊಂದು ಗಂಟೆ ಬೇಸರಿಸದೆ ಕೂತಳು. ಹೊರಗೆ ಮಳೆ. ಮೋಡ ಕವಿದ ದಿನ ಬೆಳಕು ಮೆತ್ತಗೆ ಬೀಳುತ್ತದೆ, ಒಂದು ಗಂಟೆ ಹೆಚ್ಚು ಬದಲಾಗುವುದಿಲ್ಲ. ಮುಖ ಬರೆಯಲು ನಮ್ಮ ಮಳೆಗಾಲದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ ಎಂದು ನನಗನಿಸಿದೆ, ಬಣ್ಣ ಒಣಗದಿದ್ದರೂ.

ಅಳತೆ ಫೋಟೋದ್ದು, ಬೆಳಕು ಅಕ್ಕನ ಮುಖದ್ದು, ಆ ಬೆಳಕನ್ನು ಹೇಗೆ ಓದಬೇಕು ಎಂಬುದು ರೆಂಬ್ರಾಂಟನದು. ಉಳಿದದ್ದು ನೆನಪು. ಕಣ್ಣಿನ ಮೂಲೆಯಲ್ಲಿ ಅವ್ವಿಗೆ ಆಳವಾದ ಸುಕ್ಕುಗಳಿದ್ದವು, ಅಕ್ಕನಿಗೆ ಅಷ್ಟಿಲ್ಲ. ಬಿಸಿಲಿನಲ್ಲಿ ಉಪ್ಪಿನ ರಾಶಿ ಕಣ್ಣು ಕೋರೈಸುತ್ತದೆ. ಅದನ್ನು ತಡೆಯಲು ವರ್ಷಗಟ್ಟಲೆ ಕಣ್ಣು ಕಿರಿದು ಮಾಡಿ ಮಾಡಿ ಬಂದ ಸುಕ್ಕು ಅದು. ಚಿತ್ರ ಬರೆಯುವಾಗ ನಾವೂ ಕಣ್ಣು ಕಿರಿದು ಮಾಡಿಯೇ ನೋಡುತ್ತೇವೆ. ಆಗ ಸಣ್ಣಪುಟ್ಟದ್ದೆಲ್ಲ ಅಳಿಸಿ ದೊಡ್ಡ ಬೆಳಕು, ದೊಡ್ಡ ನೆರಳು ಮಾತ್ರ ಉಳಿಯುತ್ತದೆ. ಆ ಸುಕ್ಕುಗಳನ್ನು ಮಾಡುವಾಗ ನಾನೂ ಹಾಗೇ ಕಣ್ಣು ಮುದುಡಿಕೊಂಡು ನಿಂತಿದ್ದೆ. ಒಂದೂ ಗೆರೆ ಎಳೆಯಲಿಲ್ಲ. ಒಂದೊಂದು ಸುಕ್ಕಿಗೂ ಒಂದು ಬೆಳಕಿನ ಮಗ್ಗುಲು, ಒಂದು ನೆರಳಿನ ಮಗ್ಗುಲು. ಶುದ್ಧ ಬಿಳಿಯನ್ನು ಇಡೀ ಚಿತ್ರದಲ್ಲಿ ಎರಡೇ ಕಡೆ ಇಟ್ಟೆ: ಮೂಗುತಿಯ ಮೇಲೆ ಒಂದು ಚುಕ್ಕಿ, ಕೆಳರೆಪ್ಪೆಯ ಒದ್ದೆಯ ಮೇಲೆ ಅದಕ್ಕಿಂತ ಸಣ್ಣದು ಇನ್ನೊಂದು.

ಮುಗಿದ ದಿನ ಅಕ್ಕನನ್ನು ಕರೆದೆ. ಬಾಗಿಲಲ್ಲೇ ನಿಂತಳು. ಸ್ವಲ್ಪ ಹೊತ್ತಿನ ಮೇಲೆ, "ಅವ್ವಿ ಈಗಷ್ಟೇ ಆಗರದಿಂದ ಬಂದು ಕೂತಾಳೆ," ಎಂದಳು. ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು ಮತ್ತೆ ನೋಡಿದಳು. ಬಣ್ಣ ಯಾವಾಗ ತುಂಬುತ್ತೀ ಎಂದು ಅವಳು ಕೇಳಲಿಲ್ಲ. ಬಂದವರು ಕೆಲವರು ಕೇಳಿದ್ದಾರೆ. ನಾನು ತುಂಬುವುದಿಲ್ಲ. ಆಗರ ಅಂದರೆ ಕಪ್ಪು ಕೆಸರು, ಬಿಳಿ ಉಪ್ಪು. ಅವ್ವಿಗೆ ಇದೇ ಸಾಕು.

ಸಂಪಾದಕರೇ, ಈಗ ನಿಮ್ಮಲ್ಲಿ ಕೇಳಬೇಕಾದ್ದು.

ನಾನು ಚಿತ್ರ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಕಿರಾಣಿ ಸಾಮಾನು ಕಟ್ಟಿ ತಂದ ಪತ್ರಿಕೆಯ ತುಂಡುಗಳಿಂದ. ಆಗ ಪತ್ರಿಕೆಯಲ್ಲಿ ಬಣ್ಣ ಇರಲಿಲ್ಲ. ಮುಖ ಇದ್ದ ತುಂಡನ್ನು ಸುಕ್ಕು ಬಿಡಿಸಿ, ಮೇಲೆ ಚೌಕ ಚೌಕ ಗೆರೆ ಹಾಕಿ, ಸ್ಲೇಟಿನ ಮೇಲೆ ದೊಡ್ಡದು ಮಾಡುತ್ತಿದ್ದೆ. ಒಮ್ಮೆ ಗೋಕರ್ಣದಲ್ಲಿ ಗಡಿಯಾರ ರಿಪೇರಿ ಮಾಡುವವರ ಭೂತಗನ್ನಡಿಯಿಂದ ಅದನ್ನು ನೋಡಿದೆ. ಪತ್ರಿಕೆಯ ಫೋಟೋದಲ್ಲಿ ಬೂದು ಎಂಬುದೇ ಇರಲಿಲ್ಲ! ಬರೀ ಕಪ್ಪು ಚುಕ್ಕಿ. ನೆರಳಿದ್ದಲ್ಲಿ ದಪ್ಪ ಚುಕ್ಕಿ, ಬೆಳಕಿದ್ದಲ್ಲಿ ಸಣ್ಣ ಚುಕ್ಕಿ. ದೂರ ಹಿಡಿದರೆ ಕಣ್ಣೇ ಅದನ್ನು ಬೂದು ಮಾಡಿಕೊಳ್ಳುತ್ತದೆ. ಹತ್ತು ವರ್ಷದ ಹುಡುಗನಿಗೆ ಅದೊಂದು ದೊಡ್ಡ ಸೋಜಿಗ. ಆ ಸೋಜಿಗವೇ ನನ್ನನ್ನು ಬಣ್ಣದ ಕೆಲಸಕ್ಕೆ ಹಚ್ಚಿತು.

ಈಗ ನಿಮ್ಮ ಪುಟಗಳು ಬಣ್ಣದಲ್ಲಿ ಚೆನ್ನಾಗಿ ಬರುತ್ತವೆ. ಸಂತೋಷ. ಆದರೆ ಮಕ್ಕಳ ಪುಟದಲ್ಲಿ ಬರುವುದು ಬಣ್ಣ ತುಂಬಿ ಎಂಬ ಗೆರೆಚಿತ್ರ ಮಾತ್ರ. ಅದರಲ್ಲಿ ಬರೀ ಅಂಚು ಇರುತ್ತದೆ. ಅಂಚಿನ ಒಳಗೆ ಬಣ್ಣ ತುಂಬಿ ತುಂಬಿ ಮಕ್ಕಳ ಕೈ ಕೂಡ ನನ್ನ ಕೈಯ ಹಾಗೇ ಆಗುತ್ತಿದೆ. ನನಗೆ ಅದನ್ನು ಬಿಡಿಸಿಕೊಳ್ಳಲು ಅರವತ್ತು ವರ್ಷ ಬೇಕಾಯಿತು.

ತಿಂಗಳಿಗೆ ಒಮ್ಮೆ, ಒಂದೇ ಒಂದು ಅರ್ಧ ಪುಟ ಕೊಡಿ. ಹಳೆಯ ದೊಡ್ಡ ಚಿತ್ರಗಾರನೊಬ್ಬನ ಒಂದು ಮುಖ, ಕಪ್ಪು ಬಿಳುಪಿನಲ್ಲಿ. ಕೆಳಗೆ ಎರಡು ಸಾಲು ಸಾಕು: ಯಾರು ಮಾಡಿದ್ದು, ಯಾವ ವರ್ಷ, ಈಗ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ. ಹಳ್ಳಿಯ ಶಾಲೆಯಲ್ಲಿ ಪ್ರಿಂಟರ್ ಇರುವುದಿಲ್ಲ, ಇದ್ದರೂ ಶಾಯಿ ಇರುವುದಿಲ್ಲ. ಪತ್ರಿಕೆ ಮಾತ್ರ ಬೆಳಿಗ್ಗೆ ಬಂದು ಬಾಗಿಲಲ್ಲಿ ಬೀಳುತ್ತದೆ. ವಾನ್ ಗೋ ಆಸ್ಪತ್ರೆಯಲ್ಲಿದ್ದಾಗ, 1889ರಲ್ಲಿ ಮತ್ತು ಮುಂದಿನ ವರ್ಷ, ಮಿಲೆ ಎಂಬ ಇನ್ನೊಬ್ಬ ಚಿತ್ರಗಾರನ ಚಿತ್ರಗಳನ್ನು ನೋಡಿ ಇಪ್ಪತ್ತರಷ್ಟು ಚಿತ್ರ ಮಾಡಿದ. ಅವನ ಮುಂದೆ ಇದ್ದದ್ದು ಮೂಲ ಚಿತ್ರಗಳಲ್ಲ, ಕಪ್ಪು ಬಿಳುಪು ಅಚ್ಚುಗಳು ಮಾತ್ರ. ಅಷ್ಟು ಸಾಕಾಯಿತು ಅವನಿಗೆ.

ಹಕ್ಕಿನ ತೊಂದರೆ ಬರಲಾರದು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ತನ್ನಲ್ಲಿರುವ ಹಳೆಯ ಚಿತ್ರಗಳನ್ನು ಯಾರು ಬೇಕಾದರೂ ಬಳಸುವಂತೆ ಪುಕ್ಕಟೆಯಾಗಿ ಕೊಟ್ಟಿದೆ. ಮೊದಲ ತಿಂಗಳಿ‌ಗೆ ಅಲ್ಲಿರುವ ರೆಂಬ್ರಾಂಟನ ಓದುತ್ತಿರುವ ಮುದುಕಿಯನ್ನೇ ಹಾಕಬಹುದು. 1631ರದ್ದು. ಆಮೇಲೆ ವರ್ಮೀರ್‌ನ ಮುತ್ತಿನ ಓಲೆಯ ಹುಡುಗಿ. ಆಮೇಲೆ ನಮ್ಮ ರಾಜಾ ರವಿವರ್ಮರದ್ದು ಒಂದು. ಅವರು ತೀರಿಕೊಂಡದ್ದು 1906ರಲ್ಲಿ, ಹಾಗಾಗಿ ಅಲ್ಲೂ ಹಕ್ಕಿನ ತೊಂದರೆ ಬರಲಾರದು. ಮೈಸೂರಿಗೆ ಹೋಗುವ ಮಕ್ಕಳಿಗೆ ಜಗನ್ಮೋಹನ ಅರಮನೆಯಲ್ಲಿ ಹಳದಣಕರ್ ಮಾಡಿದ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಲು ಹೇಳಿ. ಬಹಳ ಜನ ಅದನ್ನು ರವಿವರ್ಮರದು ಎಂದುಕೊಂಡಿದ್ದಾರೆ. ಎಣ್ಣೆ ಬಣ್ಣ ಎಂದೂ ಅಂದುಕೊಳ್ಳುತ್ತಾರೆ. ಅದು ಜಲವರ್ಣ. ಬೆರಳುಗಳ ನಡುವೆ ಬೆಳಕು ಹೇಗೆ ನಿಂತಿದೆ ಎಂದು ನೋಡಲಿ.

ಅಚ್ಚಿನ ಬಗ್ಗೆ ಮೂರು ಮಾತು. ಮುಖ ಒಂದು ಗೇಣಿಗಿಂತ ಸಣ್ಣದಾಗದಿರಲಿ. ಪತ್ರಿಕೆಯ ಕಾಗದ ಪೂರ್ತಿ ಬಿಳಿಯಲ್ಲ, ಶಾಯಿಯೂ ಪೂರ್ತಿ ಕಪ್ಪಲ್ಲ, ಆದ್ದರಿಂದ ನೆರಳನ್ನು ಒಂದು ಮೆಟ್ಟಿಲು ತಿಳಿ ಮಾಡಿಯೇ ಹಾಕಿ. ಇಲ್ಲದಿದ್ದರೆ ನನ್ನ ಮೊದಲ ಪ್ರಿಂಟ್‌ನ ಹಾಗೆ ಮಸಿಯಾಗುತ್ತದೆ. ಮತ್ತು ಆ ಪುಟದ ಬೆನ್ನಿಗೆ ದೊಡ್ಡ ಕಪ್ಪು ಜಾಹೀರಾತು ಬೇಡ. ಅದು ಈಚೆಗೆ ಮೂಡಿ ಕೆನ್ನೆಯ ಮೇಲೆ ಅಕ್ಷರ ಕಾಣುತ್ತದೆ.

ನಮ್ಮ ಹುಡುಗಿಗೆ ಈ ಕಾಗದ ಬರೆಯುತ್ತಿದ್ದೇನೆ ಎಂದು ಹೇಳಿದ್ದೇನೆ. ಅವಳು ಆಗಲೇ ಒಂದು ಹಾರ್ಡ್‌ಬೋರ್ಡ್‌ಗೆ ಪ್ರೈಮರ್ ಹೊಡೆದು, ಚಾಕ್ ಹಚ್ಚಿದ ದಾರದಿಂದ ಚೌಕ ಹೊಡೆದು, ಗೋಡೆಗೆ ಒರಗಿಸಿಟ್ಟಿದ್ದಾಳೆ. ಒಂಬತ್ತು ಮೆಟ್ಟಿಲಿನ ಪಟ್ಟಿಯನ್ನೂ ತಾನೇ ಮಾಡಿಕೊಂಡಿದ್ದಾಳೆ. ಐದನೆಯದು ಮತ್ತು ಆರನೆಯದು ಇನ್ನೂ ಒಂದೇ ಥರ ಕಾಣುತ್ತಿವೆ. ಈ ಭಾನುವಾರ ಸರಿ ಮಾಡುತ್ತೇವೆ.

ಇಂತಿ ನಿಮ್ಮ ಓದುಗ,
ಒಬ್ಬ ಬೋರ್ಡ್ ಪೇಂಟರ್
ತದಡಿ, ಕುಮಟಾ ತಾಲೂಕು, ಉತ್ತರ ಕನ್ನಡ